ಅಮ್ಮನಿಗೆ ಒಂದೇ ಊರು ಸಾಕು

ನಮ್ಮ ತಾಯಂದಿರು ಹೊಸಿಲು ದಾಟಿ ದೂರ ಹೋಗಲು ಸಮಾಜ ಎರಡೇ ಬಾಗಿಲು ತೆರೆದಿಟ್ಟಿದೆ. ಒಂದು ತೀರ್ಥಯಾತ್ರೆ, ಇನ್ನೊಂದು ಬಾಣಂತನ. ಎರಡರಲ್ಲೂ ದುಡಿಮೆ ತಪ್ಪಿದ್ದಲ್ಲ. ಯಾತ್ರೆಗೆ ಹೊರಟವಳು ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಮನೆಮಂದಿಯ ಮಾತ್ರೆ, ಮಫ್ಲರು ಎಲ್ಲವನ್ನೂ ಹೊತ್ತು ಹೋಗುತ್ತಾಳೆ. ಬಾಣಂತನಕ್ಕೆ ಹೋದವಳು ಆರು ತಿಂಗಳು ಅಮೆರಿಕವನ್ನು ಅಡುಗೆಮನೆಯ ಕಿಟಕಿಯಿಂದ ನೋಡಿ ಬರುತ್ತಾಳೆ. ಬಂದ ಮೇಲೆ ನಾವು ‘ಅಮ್ಮ ಫಾರಿನ್ ನೋಡಿಕೊಂಡು ಬಂದರು’ ಎಂದು ಬೀದಿಗೆಲ್ಲ ಹೇಳಿಕೊಳ್ಳುತ್ತೇವೆ. ಆಕೆ ನೋಡಿದ್ದು ಮಗುವಿನ ಎಣ್ಣೆ-ನೀರು, ಅಳಿಯನ ಟಿಫಿನ್ ಡಬ್ಬಿ ಮತ್ತು ಹೊರಗೆ ಬೀಳುತ್ತಿದ್ದ ಹಿಮ ಮಾತ್ರ ಎಂಬುದನ್ನು ಯಾರೂ ಕೇಳುವುದಿಲ್ಲ.

ಈಚೆಗೆ ಮೂರನೆಯ ಬಾಗಿಲೊಂದು ತೆರೆದಿದೆ, ಪ್ಯಾಕೇಜ್ ಟೂರು. ಕೈಯಲ್ಲಿ ನಾಲ್ಕು ಕಾಸಾಡುವ ಮಕ್ಕಳು ‘ಅಮ್ಮನಿಗೂ ಪ್ರಪಂಚ ತೋರಿಸೋಣ’ ಎಂದು ಪ್ರೀತಿಯಿಂದಲೇ ಹಣ ಕಟ್ಟುತ್ತಾರೆ. ನನ್ನ ತಮ್ಮನ ಮಗಳು ಕೆಲಸದ ಮೇಲೆ ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್ ಸೇರಿ, ‘ಅತ್ತೆ, ಅಜ್ಜಿಯನ್ನು ಕರೆದುಕೊಂಡು ಬನ್ನಿ’ ಎಂದು ಹಟ ಹಿಡಿದಾಗ ನಾನೂ ಒಂದು ಟೂರು ಕಂಪನಿಯ ಮೆಟ್ಟಿಲು ಹತ್ತಿದ್ದೆ. ಅವರು ಕೊಟ್ಟ ಬಣ್ಣದ ಕಾಗದದಲ್ಲಿ ಹದಿನೈದು ದಿನಕ್ಕೆ ನಾಲ್ಕು ದೇಶ, ಎಂಟು ಊರು, ಹನ್ನೊಂದು ಸಲ ವಿಮಾನ. ಕೆಳಗೆ ದಪ್ಪ ಅಕ್ಷರದಲ್ಲಿ ‘ಹಿರಿಯ ನಾಗರಿಕರಿಗೂ ಸೂಕ್ತ’ ಎಂದಿತ್ತು. ಬೆಳಿಗ್ಗೆ ಎಷ್ಟಕ್ಕೆ ಏಳಬೇಕು, ಯಾವ ಜಲಪಾತದ ಮುಂದೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದೆಲ್ಲ ನಿಮಿಷದ ಲೆಕ್ಕದಲ್ಲಿತ್ತು. ಎಪ್ಪತ್ತಾರು ವರ್ಷದ ಹೆಂಗಸು ಎಲ್ಲಿ ಕೂರುತ್ತಾಳೆ, ಯಾವಾಗ ಕಕ್ಕಸಿಗೆ ಹೋಗುತ್ತಾಳೆ ಎಂಬುದಕ್ಕೆ ಮಾತ್ರ ಆ ಕಾಗದದಲ್ಲಿ ಜಾಗವಿರಲಿಲ್ಲ.

ಅದಕ್ಕಿಂತ ಗಾಬರಿ ಹುಟ್ಟಿಸಿದ್ದು ಆ ಊರುಗಳ ಎತ್ತರ. ನಮ್ಮ ನಾಡಿನ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರು. ಕೊಲಂಬಿಯದ ಬೊಗೊಟಾ ಊರೇ 2,600 ಮೀಟರಿನಲ್ಲಿದೆ. ಈಕ್ವೆಡಾರಿನ ಕೀಟೊ 2,850. ಪೆರುವಿನ ಕುಸ್ಕೊ 3,400. ಬೊಲಿವಿಯದ ಲಾ ಪಾಜ್ 3,600. ಲಾ ಪಾಜ್‌ನ ವಿಮಾನ ನಿಲ್ದಾಣವಂತೂ 4,000 ಮೀಟರಿಗೂ ಮೇಲೆ. ಸುಮಾರು 2,500 ಮೀಟರು ದಾಟಿದರೆ ಗಾಳಿ ತೆಳುವಾಗಿ ತಲೆನೋವು, ಓಕರಿಕೆ, ಏದುಸಿರು ಶುರುವಾಗುವುದು ಗಟ್ಟಿಮುಟ್ಟಾದ ಹುಡುಗರಿಗೂ ಉಂಟು. ರಕ್ತದೊತ್ತಡದ ಮಾತ್ರೆ ನುಂಗುವ ಅಮ್ಮನನ್ನು ಸಮುದ್ರಮಟ್ಟದಿಂದ ಒಂದೇ ನೆಗೆತಕ್ಕೆ ಅಲ್ಲಿಗೆ ಏರಿಸಿ, ‘ನೋಡಿ ಅಮ್ಮ, ಎಷ್ಟು ಚೆನ್ನಾಗಿದೆ’ ಎನ್ನುವುದು ಪ್ರೀತಿಯಲ್ಲ, ಭೂಗೋಳ ಓದದವರ ಉತ್ಸಾಹ. ಆ ಊರುಗಳು ಸುಂದರವಲ್ಲವೆಂದು ನಾನು ಹೇಳುತ್ತಿಲ್ಲ. ಅಲ್ಲಿ ಹುಟ್ಟಿ ಬೆಳೆದ ಮುದುಕಿಯರು ಬೆನ್ನಿಗೆ ಹೊರೆ ಕಟ್ಟಿಕೊಂಡು ಆರಾಮಾಗಿ ಗುಡ್ಡ ಹತ್ತುತ್ತಾರೆ. ನಮ್ಮಮ್ಮ ಅಲ್ಲಿ ಹುಟ್ಟಿದವರಲ್ಲ, ಅಷ್ಟೆ.

ಕಾಗದ ಮಡಿಸಿಟ್ಟು ಅಮ್ಮನನ್ನೇ ಕೇಳಿದೆ. ಇದು ದೊಡ್ಡ ಮಾತಲ್ಲ ಎನ್ನಿಸಬಹುದು. ಆದರೆ ನೀವೇ ಹೇಳಿ, ನಮ್ಮ ಎಷ್ಟು ಮನೆಗಳಲ್ಲಿ ಹೊರಡುವ ಮೊದಲು ತಾಯಿಯನ್ನು ಕೇಳುತ್ತಾರೆ? ಟಿಕೆಟು ಬಂದ ಮೇಲೆ ಸುದ್ದಿ ಮುಟ್ಟಿಸುತ್ತಾರೆ. ಅಮ್ಮ ಸ್ವಲ್ಪ ಯೋಚಿಸಿ, ‘ಎದ್ದ ಕೂಡಲೇ ಓಡಿಸಬಾರದು. ಕಕ್ಕಸು ಹತ್ತಿರ ಇರಬೇಕು. ದಿನಾ ಪೆಟ್ಟಿಗೆ ಕಟ್ಟಿಸಬಾರದು. ಇಷ್ಟಾದರೆ ಬರ್ತೀನಿ ಕಣೇ’ ಎಂದರು. ಈ ಮೂರು ಮಾತಿನಲ್ಲಿ ಇಡೀ ಪ್ರವಾಸದ ಯೋಜನೆಯೇ ಅಡಗಿತ್ತು. ಒಂದೇ ಊರು, ಮೂರು ವಾರ, ದಿನಕ್ಕೊಂದೇ ಕೆಲಸ ಎಂದು ಅಂದೇ ತೀರ್ಮಾನಿಸಿದೆ.

ಬ್ಯೂನಸ್ ಐರಿಸ್ ಇದಕ್ಕೆ ಹೇಳಿ ಮಾಡಿಸಿದಂಥ ಊರು. ನದಿದಂಡೆಯ ಊರಾದ್ದರಿಂದ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ ಇದೆ, ನೆಲ ಚಪ್ಪಟೆ. ನಮ್ಮ ಬೇಸಿಗೆ ರಜೆ ಬರುವ ಹೊತ್ತಿಗೆ ಅಲ್ಲಿ ಶರತ್ಕಾಲ. ಮೇ ತಿಂಗಳೆಂದರೆ ಒಂದು ಸ್ವೆಟರ್ ಸಾಕಾಗುವ ಹಿತವಾದ ಚಳಿ. ಶಾಲೆಯವರಿಗೆ ಇದಕ್ಕಿಂತ ಅನುಕೂಲ ಬೇಕೆ? 2025ರಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಮುಗಿಸಿ, ಕಟ್ಟಿದ್ದ ಚೀಟಿ ಎತ್ತಿ ಹೊರಟೆವು.

ಸಿದ್ಧತೆಯ ವಿಷಯದಲ್ಲಿ ಮಾತ್ರ ಸಡಿಲ ಬಿಡಬಾರದು. ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನವಿಲ್ಲ, ಹಾದಿ ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚು. ನಡುದಾರಿಯಲ್ಲಿ ಇಳಿದು ಎರಡು ರಾತ್ರಿ ಮಲಗಿ ಮುಂದೆ ಹೋಗುವುದು ದುಂದುವೆಚ್ಚವಲ್ಲ. ಊರು ಮುಟ್ಟಿದ ಮೇಲೂ ಎಂಟೂವರೆ ಗಂಟೆಯ ಕಾಲವ್ಯತ್ಯಾಸ ಮೈಗೆ ಹೊಂದಲು ನಾಲ್ಕು ದಿನ ಬೇಕು. ವಿಮಾನ ನಿಲ್ದಾಣದ ವೀಲ್‌ಚೇರನ್ನು ಮೊದಲೇ ಕೇಳಿಡಬೇಕು, ಅದಕ್ಕೆ ಹಣವಿಲ್ಲ. ಕೂರಲು ನಮ್ಮ ಹೆಂಗಸರಿಗೆ ನಾಚಿಕೆ, ‘ನನಗೇನು ಕಾಲಿಲ್ಲವೆ’ ಎನ್ನುತ್ತಾರೆ. ಕಾಲಿದೆ; ಅದನ್ನು ಮೈಲಿಯುದ್ದದ ನಿಲ್ದಾಣದಲ್ಲಿ ಸವೆಸುವುದು ಬೇಡ ಎಂದು ತಿಳಿಸಿ ಹೇಳಬೇಕು. ಮಾತ್ರೆಗಳು ಕೈಚೀಲದಲ್ಲೇ ಇರಬೇಕು, ಜೊತೆಗೆ ವೈದ್ಯರ ಚೀಟಿ. ಪ್ರಯಾಣ ವಿಮೆಗೆ ಅರ್ಜಿ ತುಂಬುವಾಗ ಬಿ.ಪಿ., ಸಕ್ಕರೆ ಕಾಯಿಲೆಗಳನ್ನು ಮುಚ್ಚಿಡಬಾರದು. ಮುಚ್ಚಿಟ್ಟರೆ ಕಷ್ಟ ಬಂದಾಗ ವಿಮೆಯೂ ಕೈಬಿಡುತ್ತದೆ.

ಇನ್ನೊಂದು ಸಂಗತಿಯನ್ನು ಆ ಬಣ್ಣದ ಕಾಗದ ಬಾಯಿಬಿಟ್ಟು ಹೇಳಿರಲಿಲ್ಲ. ಅರ್ಜೆಂಟೀನಾ, ಬ್ರೆಜಿಲ್, ಪೆರು ಮುಂತಾದ ದೇಶಗಳಿಂದ ಹಿಂದಿರುಗುವವರಿಗೆ ನಮ್ಮ ಸರ್ಕಾರ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ. ಅದನ್ನು ಹತ್ತು ದಿನ ಮುಂಚೆಯಾದರೂ ಹಾಕಿಸಿಕೊಂಡಿರಬೇಕು. ಆದರೆ ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ತೊಂದರೆಯಾಗುವ ಸಂಭವ ಹೆಚ್ಚು. ಆದ್ದರಿಂದ ಟಿಕೆಟಿಗೂ ಮೊದಲು ವೈದ್ಯರು. ಅಮ್ಮನನ್ನು ಪರೀಕ್ಷಿಸಿದ ವೈದ್ಯರು ಹಾಕಿಸಬಹುದೆಂದ ಮೇಲೆಯೇ ನಾನು ಹಣ ಕಟ್ಟಿದ್ದು. ಬೇಡವೆಂದಿದ್ದರೆ ಚಿಲಿಯ ಸ್ಯಾಂಟಿಯಾಗೊ ಅಥವಾ ಉರುಗ್ವೆಯ ಮಾಂಟೆವಿಡಿಯೊ ಊರನ್ನು ಯೋಚಿಸುತ್ತಿದ್ದೆ. ಆ ಎರಡು ದೇಶಗಳು ಈ ಪಟ್ಟಿಯಲ್ಲಿಲ್ಲ, ಊರುಗಳೂ ತಗ್ಗಿನಲ್ಲಿವೆ. ಆದರೆ ದಾರಿಯಲ್ಲಿ ವಿಮಾನ ಬದಲಿಸುವ ದೇಶ ಯಾವುದೆಂದೂ ನೋಡಿಕೊಳ್ಳಬೇಕು.

ನಮ್ಮ ದಿನಚರಿ ಹೀಗಿತ್ತು. ಬೆಳಿಗ್ಗೆ ಹತ್ತಕ್ಕೆ ಹೊರಟು ಮಧ್ಯಾಹ್ನಕ್ಕೆ ಮನೆ. ಊಟ, ನಿದ್ದೆ. ಸಂಜೆ ಹತ್ತಿರದ ಕಾಫಿ ಅಂಗಡಿ. ಒಂದು ಲೋಟ ಕಾಫಿ ಹೇಳಿ ಎರಡು ಗಂಟೆ ಕೂತರೂ ಅಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಕಕ್ಕಸೂ ಅಲ್ಲೇ ಇರುತ್ತದೆ. 1913ರಲ್ಲಿ ಶುರುವಾದ ನೆಲದಡಿಯ ರೈಲು ಆ ಊರಿನ ಹೆಮ್ಮೆ. ಆದರೆ ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇಲ್ಲದ್ದರಿಂದ ನಾವು ಬಸ್ಸು, ಟ್ಯಾಕ್ಸಿಗಳನ್ನೇ ನೆಚ್ಚಿಕೊಂಡೆವು. ನೆಲ ಚಪ್ಪಟೆಯಾದರೂ ಕಾಲುದಾರಿಯ ಹಾಸುಬಿಲ್ಲೆಗಳು ಅಲ್ಲಲ್ಲಿ ಕಿತ್ತು ಅಲುಗಾಡುತ್ತವೆ. ಒಂದು ಊರುಗೋಲು, ಸೀರೆಯ ಕೆಳಗೆ ಬೂಟು ಬೇಕೇ ಬೇಕು. 1898ರಲ್ಲಿ ತೆರೆದ ಸಸ್ಯೋದ್ಯಾನ ಅಮ್ಮನಿಗೆ ಅಚ್ಚುಮೆಚ್ಚಾಯಿತು. ಬೆಂಗಳೂರಿನ ರಸ್ತೆಗಳಲ್ಲಿ ನೀಲಿ ಹೂ ಸುರಿಸುವ ಜಕರಂಡಾ ಈ ಖಂಡದಿಂದಲೇ ನಮ್ಮಲ್ಲಿಗೆ ಬಂದ ಮರ ಎಂದೆ. ಆಲೂಗೆಡ್ಡೆ, ಕಡಲೆಕಾಯಿ, ಗೋಡಂಬಿ, ಅನಾನಸು ಎಲ್ಲ ಈ ಖಂಡದವೇ ಎಂದೆ. ‘ಹಾಗಾದರೆ ನಾನು ಇಷ್ಟು ವರ್ಷ ಇವರ ಊರಿನ ಅಡುಗೆ ಮಾಡುತ್ತಿದ್ದೆ ಅನ್ನು’ ಎಂದು ಅಮ್ಮ ನಕ್ಕರು.

ಊಟದ ಚಿಂತೆ ಎಲ್ಲರಿಗೂ. ಅದು ದನದ ಮಾಂಸಕ್ಕೆ ಹೆಸರಾದ ಊರು. ‘ಮಾಂಸ ಬೇಡ’ ಎಂದರೆ ಹಂದಿಯದ್ದನ್ನು ತಂದಿಟ್ಟಾರು, ಏಕೆಂದರೆ ಅವರ ಲೆಕ್ಕದಲ್ಲಿ ಮಾಂಸವೆಂದರೆ ದನದ್ದು. ಒಂದೊಂದರ ಹೆಸರೂ ಹೇಳಿ ಬೇಡವೆನ್ನಬೇಕು. ಕಾಫಿಯ ಜೊತೆ ಕೊಡುವ ಅರ್ಧಚಂದ್ರದ ಬನ್ನಿನಲ್ಲೂ ಎರಡು ಬಗೆ. ಒಂದಕ್ಕೆ ಬೆಣ್ಣೆ, ಇನ್ನೊಂದಕ್ಕೆ ಪ್ರಾಣಿಯ ಕೊಬ್ಬು. ‘ಮಂತೇಕಾ’ ಎಂದರೆ ಬೆಣ್ಣೆಯದು. ಆದರೆ ಇಟಲಿಯಿಂದ ಬಂದು ನೆಲೆಸಿದವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಬಹಳವಾದ್ದರಿಂದ ಪೀಜಾ, ಪಾಸ್ತಾಗಳಿಗೆ ಬರವಿಲ್ಲ. ಪೀಜಾದ ಜೊತೆ ‘ಫೈನಾ’ ಎಂಬುದನ್ನು ಕೊಡುತ್ತಾರೆ, ಅಪ್ಪಟ ಕಡಲೆಹಿಟ್ಟಿನ ದಪ್ಪ ರೊಟ್ಟಿ. ಅಮ್ಮ ಚೂರು ಮುರಿದು ಬಾಯಿಗಿಟ್ಟು, ‘ಓಂಕಾಳು ಮರೆತಿದ್ದಾರೆ’ ಎಂದರು. ‘ಮಾತೆ’ ಎಂಬ ಸೊಪ್ಪಿನ ಕಷಾಯವನ್ನು ಒಂದೇ ಬುರುಡೆಯಿಂದ, ಒಂದೇ ಕೊಳವೆಯಿಂದ ನಾಲ್ಕು ಜನ ಸರದಿಯಲ್ಲಿ ಹೀರುವುದನ್ನು ಕಂಡು ಮಾತ್ರ ಅವರ ಮಡಿ ಜಾಗೃತವಾಯಿತು. ‘ಹೆಸರು ಮಾತೆ, ಕುಡಿಯೋದು ಎಂಜಲು!’

ಊರಿಗೆ ಬಂದ ಮೇಲೆ ನೆಂಟರೊಬ್ಬರು ಕೇಳಿದರು: ‘ಅಷ್ಟು ಖರ್ಚು ಮಾಡಿ ಪಾರ್ಕಿನ ಬೆಂಚಿನ ಮೇಲೆ ಕೂರಲು ಅಲ್ಲಿಗೆ ಹೋಗಬೇಕಿತ್ತೆ? ಮಾಚು ಪಿಚು ನೋಡಲಿಲ್ಲ, ಇಗುವಾಸು ಜಲಪಾತ ನೋಡಲಿಲ್ಲ. ಬೆಂಚು ನಮ್ಮ ಊರಲ್ಲಿಲ್ಲವೆ?’ ಇದೆ, ಸ್ವಾಮಿ. ಆದರೆ ಆ ಬೆಂಚಿನ ಮೇಲೆ ವಯಸ್ಸಾದ ಹೆಂಗಸೊಬ್ಬಳು ಅರ್ಧ ಗಂಟೆ ಸುಮ್ಮನೆ ಕೂತು ನೋಡಲಿ. ಹೋಗುವವರು ಬರುವವರು ನಿಂತು, ‘ಯಾಕಮ್ಮ ಒಬ್ಬರೇ ಕೂತಿದ್ದೀರಿ? ಮನೇಲಿ ಸೊಸೆ ಜೊತೆ ಏನಾದರೂ?’ ಎಂದು ಕೇಳದಿದ್ದರೆ ಹೇಳಿ. ಗಂಡಸರು ಅರಳೀಕಟ್ಟೆಯ ಮೇಲೆ ದಿನವಿಡೀ ಕೂತರೆ ಅದು ವಿಶ್ರಾಂತಿ. ಹೆಂಗಸು ಕೂತರೆ ಅದಕ್ಕೊಂದು ಕಾರಣ ಬೇಕು. ಕೂತಲ್ಲೂ ಆಕೆಯ ಕೈಯಲ್ಲಿ ಹೂವೋ ಅವರೆಕಾಯೋ ಇರಬೇಕು. ನಮ್ಮಮ್ಮ ಎಪ್ಪತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಕೈ ಖಾಲಿ ಬಿಟ್ಟು ಕೂತದ್ದು ಆ ಸಸ್ಯೋದ್ಯಾನದಲ್ಲಿ. ಮೊದಲ ದಿನ ಆ ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಸೆರಗಿನ ಅಂಚನ್ನು ಮಡಿಸುತ್ತ ಬಿಚ್ಚುತ್ತ ಇದ್ದರು. ನಾಲ್ಕನೆಯ ದಿನದ ಹೊತ್ತಿಗೆ ಕೈಗಳು ತಾವಾಗಿ ಮಡಿಲಿನಲ್ಲಿ ನಿಂತವು. ಇದಕ್ಕೆ ನಾನು ಕೊಟ್ಟ ಹಣ ಜಾಸ್ತಿಯಾಯಿತೆಂದು ಹೇಳುವವರು ಹೇಳಲಿ.

ಊರೂರು ಸುತ್ತದಿದ್ದರೆ ಪ್ರವಾಸವೇ ಅಲ್ಲವೆನ್ನುವವರಿಗೆ ರವೀಂದ್ರನಾಥ ಠಾಕೂರರ ಉದಾಹರಣೆ ಕೊಡುತ್ತೇನೆ. 1924ರಲ್ಲಿ, ಅರವತ್ತಮೂರರ ವಯಸ್ಸಿನಲ್ಲಿ, ಅವರು ಪೆರು ದೇಶದ ಶತಮಾನೋತ್ಸವಕ್ಕೆಂದು ಹೊರಟಿದ್ದರು. ಹಡಗಿನಲ್ಲೇ ಕಾಯಿಲೆ ಬಿದ್ದು ಬ್ಯೂನಸ್ ಐರಿಸ್‌ನಲ್ಲಿ ಇಳಿದಾಗ ವೈದ್ಯರು ಮುಂದಿನ ಪ್ರಯಾಣ ಬೇಡವೆಂದರು. ವಿಕ್ಟೋರಿಯಾ ಒಕಾಂಪೊ ಎಂಬ ಲೇಖಕಿ ಊರ ಹೊರಗಿನ ಸಾನ್ ಇಸಿದ್ರೊದಲ್ಲಿ, ನದಿ ಕಾಣುವ ಮನೆಯೊಂದರಲ್ಲಿ ಅವರನ್ನು ಇರಿಸಿ ಉಪಚರಿಸಿದರು. ಕವಿ ಪೆರುವನ್ನು ನೋಡಲೇ ಇಲ್ಲ. ಎರಡು ತಿಂಗಳ ಹತ್ತಿರ ಆ ಮನೆಯಲ್ಲಿ ಆರಾಮ ಕುರ್ಚಿಯಲ್ಲಿ ಕೂತು ನದಿ ನೋಡಿದರು, ಕವಿತೆ ಬರೆದರು. 1925ರಲ್ಲಿ ಬಂದ ‘ಪೂರಬಿ’ ಸಂಕಲನವನ್ನು ಆಕೆಗೇ ಅರ್ಪಿಸಿದರು. ಆ ಕುರ್ಚಿ ಅವರ ಜೊತೆ ಶಾಂತಿನಿಕೇತನಕ್ಕೂ ಬಂತು. ಕವಿ ಕೂತರೆ ಕಾವ್ಯ, ಅಮ್ಮ ಕೂತರೆ ದಂಡ ಖರ್ಚು, ಇದು ಯಾವ ನ್ಯಾಯ?

ಆ ಊರಿನಲ್ಲಿ ನಾವು ನೋಡಲೇಬೇಕೆಂದು ಹೋದದ್ದು ಮಾಯೊ ಚೌಕದ ತಾಯಂದಿರನ್ನು. 1976ರಿಂದ 1983ರವರೆಗೆ ಅಲ್ಲಿ ಸೇನೆಯ ಆಳ್ವಿಕೆ. ಸಾವಿರಾರು ಮಂದಿಯನ್ನು ಹಿಡಿದೊಯ್ದು ಕಾಣೆ ಮಾಡಿದರು. 1977ರ ಏಪ್ರಿಲ್ 30ರಂದು ಹದಿನಾಲ್ಕು ತಾಯಂದಿರು ಸರ್ಕಾರದ ಅರಮನೆಯ ಎದುರಿನ ಚೌಕಕ್ಕೆ ಬಂದು ‘ನಮ್ಮ ಮಕ್ಕಳೆಲ್ಲಿ’ ಎಂದು ಕೇಳಿದರು. ಗುಂಪಾಗಿ ನಿಲ್ಲಬಾರದು, ನಡೆಯಿರಿ ಎಂದು ಪೊಲೀಸರು ಗದರಿದರು. ಸರಿ, ನಡೆದರು, ಚೌಕದ ಸ್ತಂಭವನ್ನು ಸುತ್ತುತ್ತ, ಪ್ರತಿ ಗುರುವಾರ ಮಧ್ಯಾಹ್ನ. ತಲೆಗೆ ಕಟ್ಟಿದ ಬಿಳಿಯ ಬಟ್ಟೆ ಮೊದಲಿಗೆ ಮಗುವಿನ ಲಂಗೋಟಿಯ ಬಟ್ಟೆ. ಆಳುವವರು ಅವರನ್ನು ಹುಚ್ಚಿಯರು ಎಂದರು. ಅವರಲ್ಲೇ ಕೆಲವರನ್ನು ಕಾಣೆ ಮಾಡಿದರು. ನಡಿಗೆ ನಿಲ್ಲಲಿಲ್ಲ. ಸೆರೆಯಲ್ಲಿ ಹುಟ್ಟಿ ಕಂಡವರ ಪಾಲಾದ ಮೊಮ್ಮಕ್ಕಳನ್ನು ಹುಡುಕುವ ಅಜ್ಜಿಯರ ಸಂಘವೂ ಹುಟ್ಟಿತು. ರಕ್ತಪರೀಕ್ಷೆಯ ನೆರವಿನಿಂದ 130ಕ್ಕೂ ಹೆಚ್ಚು ಮೊಮ್ಮಕ್ಕಳ ಗುರುತು ಪತ್ತೆಯಾಗಿದೆ.

ಅಮ್ಮ ಬೆಂಚಿನ ಮೇಲೆ ಕೂತು ಆ ನಡಿಗೆಯನ್ನು ನೋಡಿದರು. ‘ಈ ವಯಸ್ಸಿನಲ್ಲಿ ನಿಮಗ್ಯಾಕೆ ಅಂತ ಇವರಿಗೆ ಯಾರೂ ಹೇಳಲಿಲ್ಲವೇನೇ?’ ಎಂದು ಕೇಳಿದರು. ಹೇಳಿದರು, ಇವರು ಕೇಳಲಿಲ್ಲ ಎಂದೆ. ಅಮ್ಮ ಮತ್ತೇನೂ ಮಾತಾಡಲಿಲ್ಲ. ಮುಂದಿನ ಬುಧವಾರ ರಾತ್ರಿ ತಾವಾಗಿಯೇ, ‘ನಾಳೆ ಗುರುವಾರ ಅಲ್ಲವೆ, ಹೋಗೋಣ’ ಎಂದರು. ಇಡೀ ಪ್ರವಾಸದಲ್ಲಿ ತಮಗೆ ಬೇಕೆಂದು ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಹದಿನೈದು ದಿನಕ್ಕೆ ಎಂಟು ಊರು ತೋರಿಸುವ ಪ್ಯಾಕೇಜಿನಲ್ಲಿ ಎರಡನೆಯ ಗುರುವಾರ ಇರುವುದಿಲ್ಲ. ನೋಡಿದ್ದನ್ನು ಮತ್ತೊಮ್ಮೆ ನೋಡಬೇಕೆನ್ನಿಸುವಷ್ಟು ಹೊತ್ತು ತಾಯಿಯನ್ನು ಒಂದು ಕಡೆ ಇರಲು ಬಿಡದ ಪ್ರವಾಸ ಮಕ್ಕಳ ಫೋಟೋಗಳಿಗೆ ಮಾತ್ರ ಒದಗುತ್ತದೆ.

ಎಲ್ಲರಿಗೂ ದಕ್ಷಿಣ ಅಮೆರಿಕ ಎಟುಕುವುದಿಲ್ಲ, ನನಗೆ ಗೊತ್ತು. ತಮ್ಮನ ಮಗಳ ಮನೆಯಿಲ್ಲದಿದ್ದರೆ ನನಗೂ ಎಟುಕುತ್ತಿರಲಿಲ್ಲ. ಮೈಸೂರಾಗಲಿ, ಉಡುಪಿಯಾಗಲಿ, ಬ್ಯೂನಸ್ ಐರಿಸ್ ಆಗಲಿ, ನಿಯಮ ಒಂದೇ. ಮೊದಲು ಅಮ್ಮನನ್ನು ಕೇಳಿ. ಅವರು ಹೇಳಿದ ಒಂದೇ ಊರಿಗೆ ಹೋಗಿ. ಮಧ್ಯಾಹ್ನ ಮಲಗಲು ಬಿಡಿ. ಅಡುಗೆ ಮಾಡಿಸಬೇಡಿ. ಊರಿಗೆ ಬಂದ ಮೇಲೆ ಯಾರಾದರೂ ‘ಏನೇನು ನೋಡಿದಿರಿ’ ಎಂದು ಪಟ್ಟಿ ಕೇಳಿದರೆ ಉತ್ತರ ಹೇಳಲು ನೀವು ಮುಂದಾಗಬೇಡಿ. ಅದನ್ನೂ ಅಮ್ಮನಿಗೇ ಬಿಡಿ.