ಓಡೋಕೆ ನಾವು, ಓಡಿಸೋಕೆ ಅವರು



ಸ್ವಲ್ಪ ಉದ್ದ ಆಗತ್ತೆ, ಪುರುಸೊತ್ತು ಮಾಡ್ಕೊಂಡು ಓದಿ. ವಿಷಯ ಅಮೆರಿಕದ ಇಬ್ಬರು ಕಪ್ಪು ಕೋಚ್‌ಗಳದ್ದು. ನಮಗ್ಯಾಕೆ ಅದು ಅನ್ನಬೇಡಿ. ಬಡ್ತಿ ಮೀಸಲಾತಿ ಬಗ್ಗೆ "ಒಳಗೆ ಬಂದಿದ್ದೀರಲ್ಲ, ಇನ್ನೇನು ಬೇಕು" ಅಂತ ಕೇಳೋರಿಗೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಸಿಕ್ಕಿಲ್ಲ.

ಡೀಲ್ಯಾಂಡ್ ಮೆಕಲ್ಲಾ ಅಂತ ಒಬ್ಬ ಕೋಚ್. ಮಗುವಾಗಿದ್ದಾಗಲೇ ದತ್ತು ಹೋದವನು, ಓಹಿಯೋ ರಾಜ್ಯದ ಯಂಗ್ಸ್‌ಟೌನ್‌ನಲ್ಲಿ ಬೆಳೆದವನು. 2017ರಲ್ಲಿ, ನಲವತ್ತು ದಾಟಿದ ಮೇಲೆ, ತನ್ನ ಹೆತ್ತ ತಾಯಿಯನ್ನ ಹುಡುಕಿಕೊಂಡು ಅಪ್ಪ ಯಾರು ಅಂತ ಕೇಳಿದ. ಆಕೆ ಹೇಳಿದ ಹೆಸರು ಶೆರ್ಮನ್ ಸ್ಮಿತ್. ಈ ಸ್ಮಿತ್ ಬೇರೆ ಯಾರೂ ಅಲ್ಲ, ಮೆಕಲ್ಲಾ ಹೈಸ್ಕೂಲಲ್ಲಿದ್ದಾಗ ಮನೆಗೆ ಬಂದು ಮಯಾಮಿ ಯೂನಿವರ್ಸಿಟಿ ತಂಡಕ್ಕೆ ಸೇರಿಸಿಕೊಂಡು ಹೋಗಿದ್ದ ಕೋಚ್. ಇಬ್ಬರಿಗೂ ಗೊತ್ತಿರಲಿಲ್ಲ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಗುರು ಅಂತ ನಂಬಿಕೊಂಡು ಬಂದವನೇ ಅಪ್ಪ. ಈ ಕತೆ ಜಗತ್ತೆಲ್ಲ ಓಡಾಡಿತು, ಓದಿದವರೆಲ್ಲ ಕಣ್ಣೊರೆಸಿಕೊಂಡರು. ಸಿನಿಮಾಕ್ಕೂ ಮೀರಿದ ಕತೆ, ಒಪ್ಪೋಣ.

ಆದರೆ ನನ್ನ ಕಣ್ಣು ಬಿದ್ದಿದ್ದು ಬೇರೆ ಕಡೆ. ಅಪ್ಪ ಮಗ ಇಬ್ಬರ ಹುದ್ದೆಯ ಹೆಸರೂ ಒಂದೇ. ರನ್ನಿಂಗ್ ಬ್ಯಾಕ್ಸ್ ಕೋಚ್.

ಅಲ್ಲಿನ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆ ಆಕಾರದ ಚೆಂಡನ್ನ ಕೈಯಲ್ಲಿ ಹಿಡಿದು ಓಡೋ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ ಇರ್ತಾನೆ. ಚೆಂಡು ಮೊದಲು ಅವನ ಕೈಗೆ ಬರತ್ತೆ, ಯಾರಿಗೆ ಕೊಡಬೇಕು ಅಂತ ತೀರ್ಮಾನ ಮಾಡೋನು ಅವನು. ರನ್ನಿಂಗ್ ಬ್ಯಾಕ್ ಅಂದ್ರೆ ಅವನ ಕೈಯಿಂದ ಚೆಂಡು ಇಸ್ಕೊಂಡು ಎದುರಿಗಿರೋ ಆಳುಗಳ ಗೋಡೆಗೆ ನುಗ್ಗೋನು. ಮೂಳೆ ಮುರಿಯೋದು ಇವನದ್ದು, ಬೇಗ ಆಟ ಮುಗಿಯೋದೂ ಇವನದ್ದೇ. ಬಹಳ ವರ್ಷ ಅಲ್ಲಿನ ಲೆಕ್ಕಾಚಾರ ಏನಿತ್ತು ಅಂದ್ರೆ, ಕ್ವಾರ್ಟರ್‌ಬ್ಯಾಕ್‌ಗೆ ತಲೆ ಬೇಕು, ಅದಕ್ಕೆ ಬಿಳಿಯರು. ಓಡೋಕೆ ಕಾಲು ಬೇಕು, ಅದಕ್ಕೆ ಕಪ್ಪು ಜನ. ಅವರು ಇದನ್ನ ವರ್ಣ ಅಂತ ಕರೀಲಿಲ್ಲ ಅಷ್ಟೆ.

ಇಲ್ಲಿಗೆ ನಿಂತಿದ್ರೆ ಆಟಗಾರರ ಮಟ್ಟದ ತಾರತಮ್ಯ ಅನ್ನಬಹುದಿತ್ತು. ಆಟ ನಿಲ್ಲಿಸಿ ಕೋಚ್ ಆದಾಗ ಅದು ಎರಡನೇ ಸಲ ವಸೂಲಾಗತ್ತೆ. ಕ್ವಾರ್ಟರ್‌ಬ್ಯಾಕ್ ಆಡಿದೋನು, ಅಥವಾ ಕ್ವಾರ್ಟರ್‌ಬ್ಯಾಕ್‌ಗಳಿಗೆ ಹೇಳಿಕೊಟ್ಟೋನು, ಮುಂದೆ ತಂತ್ರ ರೂಪಿಸೋ ಕೋಆರ್ಡಿನೇಟರ್ ಆಗ್ತಾನೆ, ಅಲ್ಲಿಂದ ಹೆಡ್ ಕೋಚ್. ರನ್ನಿಂಗ್ ಬ್ಯಾಕ್ಸ್ ಕೋಚ್ ಹುದ್ದೆಯಿಂದ ಏಣಿ ಮೇಲಕ್ಕೆ ಹೋಗೋದು ಅಪರೂಪ. ಕಪ್ಪು ಕೋಚ್‌ಗಳು ಅತಿ ಹೆಚ್ಚು ಸೇರಿಕೊಂಡಿರೋ ಜಾಗಗಳಲ್ಲಿ ಇದೂ ಒಂದು.

ಶೆರ್ಮನ್ ಸ್ಮಿತ್ ಬದುಕನ್ನೇ ನೋಡಿ. ಕಾಲೇಜಲ್ಲಿ ಆತ ಕ್ವಾರ್ಟರ್‌ಬ್ಯಾಕ್. ಹೌದು, ತೀರ್ಮಾನ ಮಾಡೋ ಜಾಗದಲ್ಲೇ ಇದ್ದ. 1976ರಲ್ಲಿ ಸಿಯಾಟಲ್ ಸೀಹಾಕ್ಸ್ ತಂಡ ಆರಿಸಿಕೊಂಡು ರನ್ನಿಂಗ್ ಬ್ಯಾಕ್ ಮಾಡಿತು. ಆ ತಂಡದ ಕ್ವಾರ್ಟರ್‌ಬ್ಯಾಕ್ ಜಿಮ್ ಜೋರ್ನ್ ಅನ್ನೋ ಬಿಳಿಯ. ಮೂವತ್ತೆರಡು ವರ್ಷ ಮುಂದಕ್ಕೆ ಬನ್ನಿ. 2008ರಲ್ಲಿ ವಾಷಿಂಗ್ಟನ್ ತಂಡಕ್ಕೆ ಜೋರ್ನ್ ಹೆಡ್ ಕೋಚ್ ಆದ. ಅವನ ಕೈಕೆಳಗೆ ಕೋಆರ್ಡಿನೇಟರ್ ಆಗಿ ಬಂದೋನು ಅದೇ ಸ್ಮಿತ್. ಆವಾಗ ಮೈದಾನದಲ್ಲಿ ಚೆಂಡು ಕೊಟ್ಟೋನು ಸಾಹೇಬ, ಇಸ್ಕೊಂಡೋನು ಸಹಾಯಕ! ಎರಡು ವರ್ಷ ಆದ್ಮೇಲೆ, 2010ರಲ್ಲಿ, ಸ್ಮಿತ್ ವಾಪಸ್ ಸಿಯಾಟಲ್‌ಗೆ, ವಾಪಸ್ ರನ್ನಿಂಗ್ ಬ್ಯಾಕ್ಸ್ ಕೋಚ್. ಆ ತಂಡ ಸೂಪರ್ ಬೌಲ್ ಗೆದ್ದಾಗಲೂ ಅದೇ ಹುದ್ದೆ, 2017ರವರೆಗೂ ಅದೇ.

ಮಗಂದೂ ನೋಡಿ. ಇಂಡಿಯಾನಾ ಯೂನಿವರ್ಸಿಟಿ, ಸದರ್ನ್ ಕ್ಯಾಲಿಫೋರ್ನಿಯಾ, ಕಾನ್ಸಾಸ್ ಸಿಟಿಯಲ್ಲಿ 2020ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆಲುವು, ಮತ್ತೆ ಇಂಡಿಯಾನಾ, 2022ರಲ್ಲಿ ನೋಟ್ರ ಡೇಮ್. ಊರು ಬದಲಾಯ್ತು, ಅಂಗಿ ಬಣ್ಣ ಬದಲಾಯ್ತು, ಕೆಲಸ ಅದೇ ರನ್ನಿಂಗ್ ಬ್ಯಾಕ್ಸ್. ನಡುವೆ 'ಅಸೋಸಿಯೇಟ್ ಹೆಡ್ ಕೋಚ್' ಅಂತ ಹೆಸರಿಗೊಂದು ಬಾಲ ಅಂಟಿಸಿದ್ದೂ ಉಂಟು. ನಮ್ಮಲ್ಲಿ 'ಪ್ರಭಾರ' ಅಂತ ಹಾಕ್ತಾರಲ್ಲ, ಹಾಗೆ.

ಇವರಿಬ್ಬರಿಗೆ ಇಂಥವರೇ ಅನ್ಯಾಯ ಮಾಡಿದ್ರು ಅಂತ ನಾನು ಹೇಳ್ತಿಲ್ಲ. ಸ್ಮಿತ್‌ಗೆ ತನ್ನ ಕೆಲಸದ ಮೇಲೆ ಪ್ರೀತಿಯೂ ಇದ್ದಿರಬಹುದು. ನಾನು ಕೇಳೋದು ಒಟ್ಟು ಲೆಕ್ಕ. 1921ರಲ್ಲಿ ಫ್ರಿಟ್ಜ್ ಪೊಲಾರ್ಡ್ ಅನ್ನೋ ಕಪ್ಪು ಆಟಗಾರ ಹೆಡ್ ಕೋಚ್ ಆಗಿದ್ದ. ಆಮೇಲೆ ಆ ಲೀಗ್‌ನಲ್ಲಿ ಇನ್ನೊಬ್ಬ ಕಪ್ಪು ಹೆಡ್ ಕೋಚ್ ಬರೋಕೆ 1989 ಆಗಬೇಕಾಯ್ತು. 2003ರಲ್ಲಿ 'ರೂನಿ ರೂಲ್' ತಂದ್ರು. ಹೆಡ್ ಕೋಚ್ ಆರಿಸೋವಾಗ ಅಲ್ಪಸಂಖ್ಯಾತ ಅಭ್ಯರ್ಥಿ ಒಬ್ಬರನ್ನಾದರೂ ಸಂದರ್ಶನ ಮಾಡಲೇಬೇಕು ಅಂತ. ಸಂದರ್ಶನ ಮಾತ್ರ, ಕೆಲಸ ಅಲ್ಲ. 2022ರ ಫೆಬ್ರವರಿಯಲ್ಲಿ ಬ್ರಯಾನ್ ಫ್ಲೋರೆಸ್ ಅನ್ನೋ ಕೋಚ್ ತಾರತಮ್ಯದ ಕೇಸು ಹಾಕಿದ ದಿನ, 32 ತಂಡಗಳಲ್ಲಿ ಇದ್ದ ಕಪ್ಪು ಹೆಡ್ ಕೋಚ್ ಒಬ್ಬರೇ ಒಬ್ಬರು. ಆಟಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ.

ಈಗ ನಮ್ಮ ನೆಲಕ್ಕೆ ಬರೋಣ. ಪಾಲ್ವಣಕರ್ ಬಾಲೂ ಹೆಸರು ಕೇಳಿದ್ದೀರಿ. ಚಮ್ಮಾರ ಕುಟುಂಬ, ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಪುಣೆಯಲ್ಲಿ ಇಂಗ್ಲಿಷರ ಕ್ಲಬ್ಬಲ್ಲಿ ತಿಂಗಳಿಗೆ 4 ರೂಪಾಯಿಗೆ ಪಿಚ್ ಉರುಳಿಸೋ ಕೆಲಸ. ಬಿಡುವಲ್ಲಿ ಸಾಹೇಬರಿಗೆ ನೆಟ್ಸ್‌ನಲ್ಲಿ ಬೌಲಿಂಗ್. ಜೆ.ಜಿ. ಗ್ರೆಗ್ ಅನ್ನೋ ಆ ಕಾಲದ ದೊಡ್ಡ ಬ್ಯಾಟ್ಸ್‌ಮನ್‌ಗೆ ಗಂಟೆಗಟ್ಟಲೆ ಚೆಂಡು ಎಸೆದು ಅಭ್ಯಾಸ ಮಾಡಿಸಿದ್ದು ಬಾಲೂ. ಇವತ್ತಾಗಿದ್ರೆ ಅದಕ್ಕೆ ಕೋಚ್ ಅಂತ ಹೆಸರು, ಸಂಬಳ, ಟ್ರ್ಯಾಕ್ ಸೂಟು. ಅಲ್ಲಿ ಬಾಲೂ ಕೈಗೆ ಒಂದು ಸಲವೂ ಬ್ಯಾಟು ಕೊಡಲಿಲ್ಲ. ಬೆವರು ಸುರಿಸಿ ಬೌಲ್ ಮಾಡೋದು ಆಳಿನ ಕೆಲಸ, ಬ್ಯಾಟು ಸಾಹೇಬನದ್ದು. ಹಿಂದೂ ತಂಡಕ್ಕೆ ಸೇರಿಸಿಕೊಂಡಾಗ ವಿಕೆಟ್ ಬೇಕಿತ್ತು, ಕೊಟ್ಟರು. ಟೀ ಮಾತ್ರ ಪೆವಿಲಿಯನ್ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದ ಮನುಷ್ಯನನ್ನ ಹಿಂದೂ ತಂಡದ ಕ್ಯಾಪ್ಟನ್ ಅಂತ ನೇಮಿಸಲೇ ಇಲ್ಲ. 1920ರಲ್ಲಿ ಬಾಲೂ ಅವರನ್ನ ಕೈಬಿಟ್ಟಾಗ ತಮ್ಮಂದಿರಾದ ಶಿವರಾಂ ಮತ್ತು ವಿಠಲ್ ನಾವೂ ಆಡಲ್ಲ ಅಂತ ಹೊರಗೆ ನಿಂತರು. ಕೊನೆಗೆ 1923ರಲ್ಲಿ ಕ್ಯಾಪ್ಟನ್ ಪಟ್ಟ ಸಿಕ್ಕಿದ್ದು ವಿಠಲ್‌ಗೆ. (ಇದೇ ಬಾಲೂ 1937ರಲ್ಲಿ ಕಾಂಗ್ರೆಸ್ ಟಿಕೆಟ್ ಮೇಲೆ ಬಾಬಾಸಾಹೇಬರ ವಿರುದ್ಧ ನಿಂತು ಸೋತರು. ಕಾಮೆಂಟಲ್ಲಿ ಯಾರಾದರೂ ಕೇಳ್ತೀರಿ, ಅದಕ್ಕೆ ನಾನೇ ಬರೆದುಬಿಟ್ಟೆ. ಅದರಿಂದ ಮಣ್ಣಿನ ಕುಡಿಕೆ ಗಾಜಿನ ಲೋಟ ಆಗಲ್ಲ.)

ನಾನೊಬ್ಬ ಗುಮಾಸ್ತ. ಹೊಸದಾಗಿ ಬಂದವರಿಗೆ ಕಡತ ಹೇಗೆ ಮಂಡಿಸಬೇಕು, ಟಿಪ್ಪಣಿ ಹೇಗೆ ಬರೀಬೇಕು ಅಂತ ಹೇಳಿಕೊಡೋದು, ಅವರು ನನಗೇ ಮೇಲಧಿಕಾರಿ ಆಗಿ ಸಹಿ ಹಾಕೋದು, ಇದು ನನಗೆ ಹೊಸದಲ್ಲ. ನನ್ನಂಥ ನೌಕರರು ಈ ರಾಜ್ಯದಲ್ಲಿ ಎಷ್ಟೋ ಜನ. 2017ರ ಫೆಬ್ರವರಿ 9ರಂದು ಬಿ.ಕೆ. ಪವಿತ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನಮ್ಮ ರಾಜ್ಯದ 2002ರ ಜ್ಯೇಷ್ಠತೆ ಕಾಯ್ದೆಯನ್ನ ಹೊಡೆದುಹಾಕಿದಾಗ ಹಿಂಬಡ್ತಿ ಆದವರ ಮುಖ ನೆನಪಿದೆ. ರತ್ನಪ್ರಭಾ ಸಮಿತಿ ವರದಿ, ಹೊಸ ಕಾಯ್ದೆ, 2019ರ ಮೇ 10ರಂದು ಅದನ್ನ ಎತ್ತಿಹಿಡಿದ ತೀರ್ಪು, ಇಷ್ಟು ಆಗೋಕೆ ಎರಡು ವರ್ಷ ಬೇಕಾಯ್ತು. ಆವಾಗೆಲ್ಲ ಕೇಳಿಬಂದ ಮಾತು ದಕ್ಷತೆ. ಕೆಳಗಿದ್ದು ಕಲಿಸೋವಾಗ ಇರೋ ದಕ್ಷತೆ ಮೇಲಿನ ಕುರ್ಚಿ ಹತ್ತಿರ ಹೋದ ಕೂಡಲೇ ಎಲ್ಲಿ ಹೋಗತ್ತೆ ಸ್ವಾಮಿ? ರೂನಿ ರೂಲ್ ಥರ ಬರೀ ಸಂದರ್ಶನಕ್ಕೆ ಕರೆದು ಕಳಿಸೋ ವ್ಯವಸ್ಥೆ ಆಗಿದ್ದರೆ ನಮ್ಮಲ್ಲಿ ಎಷ್ಟು ಜನ ಮೇಲೆ ಹೋಗ್ತಿದ್ದರು ಅಂತ ಲೆಕ್ಕ ಹಾಕಿ.

ಆಟದ ವಿಷಯದಲ್ಲಂತೂ ನಾವು ಲೆಕ್ಕ ಕೇಳಿಯೇ ಇಲ್ಲ. ಏಪ್ರಿಲ್ 14ಕ್ಕೆ ಕಬಡ್ಡಿ ಟೂರ್ನಮೆಂಟ್ ಮಾಡ್ತೀವಿ, ನಮ್ಮ ಕೇರಿ ಹುಡುಗರು ರೈಡ್ ಹೋಗಿ ಮಂಡಿ ತರಚಿಕೊಂಡು ಬರ್ತಾರೆ, ಶಿಳ್ಳೆ ಹೊಡೀತೀವಿ. ಅವರಲ್ಲಿ ಒಬ್ಬ ಮುಂದೆ ಕೋಚ್ ಆದನಾ? ಆಯ್ಕೆ ಸಮಿತಿಯಲ್ಲಿ ಕೂತನಾ? ಖಾಸಗಿ ಲೀಗ್‌ಗಳ ತಂಡಗಳಿಗೆ ಮೀಸಲಾತಿ ಅನ್ವಯಿಸಲ್ಲ, ಅದು ಬೇರೆ ಜಗಳ. ಸರ್ಕಾರದ್ದನ್ನಾದರೂ ಕೇಳೋಣ.

ಪ್ರತಿ ಜಿಲ್ಲೆಯಿಂದ ಒಬ್ಬರು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ. ಹೆಸರು ಕೇಳಬೇಡಿ, ವೈಯಕ್ತಿಕ ಮಾಹಿತಿ ಅಂತ ತಿರಸ್ಕರಿಸ್ತಾರೆ. ಸಂಖ್ಯೆ ಮಾತ್ರ ಕೇಳಿ: ಜಿಲ್ಲೆಯಲ್ಲಿ ತರಬೇತುದಾರರು ಎಷ್ಟು, ಕಾಯಂ ಎಷ್ಟು, ಗುತ್ತಿಗೆ ಎಷ್ಟು, ಎರಡರಲ್ಲೂ ಎಸ್‌ಸಿ ಎಸ್‌ಟಿ ಎಷ್ಟು, ಕಳೆದ ಹತ್ತು ವರ್ಷದಲ್ಲಿ ಬಡ್ತಿ ಪಡೆದವರು ಎಷ್ಟು. ಕ್ರೀಡಾ ಹಾಸ್ಟೆಲ್ ಮಕ್ಕಳ ಲೆಕ್ಕವನ್ನೂ ಹಾಗೇ ಕೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. 30 ದಿನದಲ್ಲಿ ಉತ್ತರ ಕೊಡಬೇಕು, ಕೊಡದಿದ್ರೆ ಮೇಲ್ಮನವಿ.

ತುಮಕೂರಿನದ್ದು ನಾನು ಸೋಮವಾರ ಹಾಕ್ತಿದ್ದೀನಿ. ಅರ್ಜಿ ನಮೂನೆ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ.

ಜೈ ಭೀಮ್
ಸತ್ಯಮಂಗಲ, ತುಮಕೂರು