ಹೊಗೆಸೊಪ್ಪಿನ ಸೀಮೆಯಿಂದ ತೆಲುಗು ಕಥನಕ್ಕೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಹೊಗೆಸೊಪ್ಪಿನ ಬೆಳೆಗಾರರಿಗೆ ಗುಂಟೂರಿನ ಹೆಸರು ಹೊಸದಲ್ಲ. 1976ರಲ್ಲಿ ಸ್ಥಾಪನೆಯಾದ ತಂಬಾಕು ಮಂಡಳಿಯ ಕೇಂದ್ರ ಕಚೇರಿ ಅಲ್ಲಿದ್ದು, ಬೆಳೆಯ ಮಿತಿಯಿಂದ ಹಿಡಿದು ಹರಾಜಿನವರೆಗೆ ಇಲ್ಲಿಯ ವರ್ಷದ ದುಡಿಮೆ ಅದರ ತೀರ್ಮಾನಗಳಿಗೆ ಕಟ್ಟುಬಿದ್ದಿದೆ. ಆದರೆ ಅದೇ ಗುಂಟೂರು ಸೀಮೆಯ ಉನ್ನವ ಲಕ್ಷ್ಮೀನಾರಾಯಣ ಅವರು ಸೆರೆಮನೆಯಲ್ಲಿ ಬರೆದ, ಅಸ್ಪೃಶ್ಯರೆನಿಸಿಕೊಂಡವರ ಕೇರಿಯನ್ನೇ ಕಥೆಯ ಕೇಂದ್ರವಾಗಿಸಿದ, ಮದರಾಸು ಸರ್ಕಾರದ ನಿಷೇಧಕ್ಕೆ ಗುರಿಯಾದ ‘ಮಾಲಪಲ್ಲಿ’ (1922) ಕಾದಂಬರಿಯ ಸುದ್ದಿ ಮಾತ್ರ ಈ ಕಡೆಗೆ ಅಷ್ಟಾಗಿ ಬಂದಂತಿಲ್ಲ.

ಬಹುಮಂದಿ ಕನ್ನಡಿಗರಿಗೆ ತೆಲುಗು ಕಾದಂಬರಿ ಎಂದೊಡನೆ ನೆನಪಾಗುವುದು ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’. ಅದನ್ನು ಹಗುರವಾಗಿ ಕಾಣಬೇಕಿಲ್ಲ; ಎಷ್ಟೋ ಮಂದಿಗೆ ಓದಿನ ರುಚಿ ಹತ್ತಿಸಿದ್ದು ಅಂಥ ಕೃತಿಗಳೇ. ಅದರಾಚೆಗೆ ಹೋಗಬಯಸುವವರು ಬೃಹತ್ ಕಾದಂಬರಿಗಿಂತ ಸಣ್ಣಕತೆಯಿಂದ ತೊಡಗುವುದು ಲೇಸು, ಅದರಲ್ಲೂ ‘ಕಾರಾ ಮೇಷ್ಟ್ರು’ ಎಂದು ಪ್ರಸಿದ್ಧರಾದ ಕಾಳೀಪಟ್ನಂ ರಾಮಾರಾವು ಅವರ ‘ಯಜ್ಞಂ’ ಕತೆಯಿಂದ. ಶ್ರೀಕಾಕುಳಂ ಸೀಮೆಯ ಹಳ್ಳಿಯೊಂದರಲ್ಲಿ ಅಪ್ಪಲರಾಮುಡು ಎಂಬ ಬಡವ ವರ್ತಕನಿಗೆ ತೀರಿಸಬೇಕಾದ ಸಾಲದ ಬಗ್ಗೆ ಪಂಚಾಯ್ತಿ ಸೇರುತ್ತದೆ. ಲೆಕ್ಕದಲ್ಲಿ ಎಲ್ಲಿಯೂ ಮೋಸವಿಲ್ಲ, ತೀರ್ಪು ಹೇಳುವವನು ಕೆಟ್ಟವನೂ ಅಲ್ಲ, ಆದರೂ ಅಭಿವೃದ್ಧಿ ಕಂಡ ಊರಿನಲ್ಲಿ ದುಡಿಯುವವನೇ ಏಕೆ ಬರಿಗೈಯಾದ ಎಂಬ ಪ್ರಶ್ನೆ ಪುಟದಿಂದ ಪುಟಕ್ಕೆ ಬಿಗಿಯಾಗುತ್ತಾ ಹೋಗುತ್ತದೆ. ಸೊಪ್ಪು ಬೇಯಿಸುವ ಬ್ಯಾರನ್ನಿಗೆ, ಸೌದೆಗೆ, ಗೊಬ್ಬರಕ್ಕೆ ಸಾಲ ಮಾಡಿ ಹರಾಜಿನ ದರ ಕಾಯುವ ಸೀಮೆಯ ಓದುಗರಿಗೆ ಈ ಕತೆಯ ಪೀಠಿಕೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಅದರ ಘೋರ ಅಂತ್ಯವನ್ನು ಇಲ್ಲಿ ಹೇಳುವುದು ಸಲ್ಲದು.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಚದುರಂಗರ ‘ವೈಶಾಖ’ವನ್ನು ಓದಿದವರಿಗೆ ‘ಮಾಲಪಲ್ಲಿ’ ಸಹಜವಾದ ಮುಂದಿನ ಹೆಜ್ಜೆ. ಜಾತಿಯ ಕಟ್ಟಿಗೆ ಸಿಕ್ಕ ಹಳ್ಳಿಯನ್ನು ಇಬ್ಬರೂ ನೋಡಿದ್ದಾರೆ, ಉನ್ನವ ಅವರಲ್ಲಿ ಗಾಂಧಿಯುಗದ ಆದರ್ಶ ಹೆಚ್ಚು, ಚದುರಂಗರಲ್ಲಿ ಕಹಿ ಹೆಚ್ಚು. ಇಷ್ಟು ಭಾರ ಬೇಡವೆನ್ನುವವರಿಗೆ ಶ್ರೀರಮಣರ ‘ಮಿಥುನ’ ಇದೆ. ವೃದ್ಧ ದಂಪತಿಯ ಊಟ, ತೋಟ, ಹುಸಿಜಗಳಗಳ ಆ ಲೋಕವನ್ನು ವಸುಧೇಂದ್ರ ಕನ್ನಡಕ್ಕೆ ತಂದಿದ್ದಾರೆ.

ಮೂಲದಲ್ಲೇ ಓದುವ ಆಸೆಯುಳ್ಳವರಿಗೆ ಲಿಪಿ ದೊಡ್ಡ ಅಡ್ಡಿಯಲ್ಲ, ಏಕೆಂದರೆ ಎರಡೂ ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ತಲೆಕಟ್ಟಿನ ಆಕಾರವನ್ನೂ ಕ, ತ, ಶ ಮುಂತಾದ ಕೆಲವು ಅಕ್ಷರಗಳ ಭಿನ್ನರೂಪವನ್ನೂ ರೂಢಿಸಿಕೊಂಡರೆ ಉಳಿದವುಗಳಲ್ಲಿ ಬಹುಪಾಲು ಪರಿಚಿತವೇ. ತೊಡಕಿರುವುದು ಆಡುಮಾತಿನಲ್ಲಿ: ಕಾರಾ ಅವರ ಶ್ರೀಕಾಕುಳಂ ನುಡಿ ನಿಘಂಟಿಗೆ ಸುಲಭವಾಗಿ ಸಿಗುವಂಥದ್ದಲ್ಲವಾದ್ದರಿಂದ, ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು ಗಟ್ಟಿಯಾಗಿ ಓದುವುದು, ನೆರೆಯಲ್ಲಿ ತೆಲುಗು ಮನೆಮಾತಿನವರಿದ್ದರೆ ಅವರಿಂದ ಒಂದೆರಡು ಪುಟ ಓದಿಸಿ ಕೇಳುವುದು ಒಳ್ಳೆಯದು.