ಐದು ಜನರ ನೆನಪು, ಒಬ್ಬ ಹುಡುಗಿಯ ಎರಡು ಅಂಕ

ಗೆಳೆಯರೇ, ಮುಂದೆ ಓದೋಕೆ ಮೊದಲು ಒಂದು ಚೀಟಿ ತಗೊಳ್ರಿ. ಕವಿತೆ ಬರೆಯುವ ಹೆಣ್ಣುಮಗಳಿಗೆ ಕನ್ನಡದಲ್ಲಿ ಏನಂತಾರೆ, ಬರೀರಿ. ಬರೆದಿರಾ? ಪಕ್ಕಕ್ಕೆ ಇಟ್ಕೊಳ್ರಿ.

ಹೋದ ರಾಜ್ಯೋತ್ಸವಕ್ಕೆ ನಮ್ಮ ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಲ್ಲಿ ಶಾಲೆ ಮಕ್ಕಳಿಗೆ ಶುದ್ಧಬರಹ ಸ್ಪರ್ಧೆ ಇಟ್ಟಿದ್ದೆವು. ತೀರ್ಪುಗಾರರು ನಾವೇ ಐದು ಜನ. ಇಬ್ಬರು ಬ್ಯಾಂಕಿನ ಗುಮಾಸ್ತರು, ಒಬ್ಬ ಕಿರಾಣಿ ಅಂಗಡಿಯವ, ಒಬ್ಬ ವಿಮಾ ಏಜೆಂಟ್, ಇನ್ನೊಬ್ಬ ಡಿ.ಎಡ್. ಮುಗಿಸಿ ಕೆಲಸಕ್ಕೆ ಕಾಯ್ತಿರೋ ಹುಡುಗ. 25 ಪದ ಓದಿ ಬರೆಸಿದೆವು. ಒಂದು ಪದಕ್ಕೆ 2 ಅಂಕ.

ಏಳನೇ ಇಯತ್ತೆಯ ಒಬ್ಬ ಹುಡುಗಿ 24 ಪದ ಸರಿ ಬರೆದಿದ್ದಳು. ಉಳಿದ ಒಂದು ಪದ ‘ಕವಯಿತ್ರಿ’. ನಾವು ಕೆಂಪು ಪೆನ್ನಿನಿಂದ ಗೀಟು ಹಾಕಿ ಮೇಲೆ ‘ಕವಿಯತ್ರಿ’ ಅಂತ ತಿದ್ದಿದೆವು. ಎರಡು ಅಂಕ ಹೋಯ್ತು, ಅದರ ಜೊತೆ ಮೊದಲ ಬಹುಮಾನವೂ ಹೋಯ್ತು.

ಹುಡುಗಿ ಸುಮ್ಮನಿರಲಿಲ್ಲ. “ಸರ್, ಮರಾಠಿ ಪುಸ್ತಕದಾಗ ಬಹಿಣಾಬಾಯಿ ಚೌಧರಿ ಹೆಸರಿನ ಮುಂದ ಹಿಂಗೇ ಬರದಾರ” ಅಂದಳು. ನಾವೇನಂದ್ವಿ ಗೊತ್ತಾ? “ಅದು ಮರಾಠಿ ಅದವಾ, ಇದು ಕನ್ನಡ. ಕನ್ನಡ ನಮಗ ಗೊತ್ತದ.” ಐದೂ ಜನ ತಲೆ ಆಡಿಸಿದೆವು. ಐವರಿಗೂ ಪ್ರಾಥಮಿಕ ಶಾಲೆಯ ಕನ್ನಡ ಪುಸ್ತಕದಲ್ಲಿ ‘ಕವಿಯತ್ರಿ’ ಅಂತ ಓದಿದ ನೆನಪಿತ್ತು. ಒಬ್ಬನಿಗಂತೂ ಸಂಚಿ ಹೊನ್ನಮ್ಮನ ಪಾಠ, ಎಡಗಡೆ ಪುಟ, ಕೆಳಗಿನ ಚಿತ್ರ ಎಲ್ಲಾ ಕಣ್ಣಿಗೆ ಕಟ್ಟಿದ ಹಾಗಿತ್ತು.

ಅದೇ ರಾತ್ರಿ ಆತ ಮನೆಯ ಅಟ್ಟ ಹುಡುಕಿ ಹಳೇ ಪುಸ್ತಕ ಇಳಿಸಿದ. ಪಾಠ ಇತ್ತು. ಆದರೆ ಚಿತ್ರ ಬಲಗಡೆ ಪುಟದಲ್ಲಿತ್ತು, ಅಲ್ಲಿದ್ದ ಪದ ‘ಕವಯಿತ್ರಿ’. ನಿಘಂಟು ತೆಗೆದೆವು, ಅಲ್ಲೂ ‘ಕವಯಿತ್ರಿ’. ಅದು ‘ಕವಯಿತೃ’ ಎಂಬ ಸಂಸ್ಕೃತ ಪದದ ಸ್ತ್ರೀರೂಪ. ‘ಅಭಿನೇತೃ’ ಇಂದ ‘ಅಭಿನೇತ್ರಿ’ ಆದ ಹಾಗೆ. ‘ಕವಿ’ಗೆ ‘ಯತ್ರಿ’ ಅಂಟಿಸಿದ್ದಲ್ಲ.

ಐದು ಜನ ಒಟ್ಟಿಗೆ ಹೇಗೆ ತಪ್ಪು ನೆನಪಿಟ್ಟುಕೊಂಡ್ವಿ? ಇದಕ್ಕೆ ಇಂಗ್ಲಿಷಿನಲ್ಲಿ ‘ಮಂಡೇಲಾ ಎಫೆಕ್ಟ್’ ಅಂತಾರೆ. ನೆಲ್ಸನ್ ಮಂಡೇಲಾ 1980ರ ದಶಕದಲ್ಲೇ ಜೈಲಿನಲ್ಲಿ ತೀರಿಕೊಂಡರು ಅಂತ ಬಹಳ ಜನ ನಂಬಿಕೊಂಡಿದ್ದರು. ನಿಜವಾಗಿ ಅವರು 1990ರಲ್ಲಿ ಬಿಡುಗಡೆಯಾಗಿ, 1994ರಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಕ್ಷರಾಗಿ, 2013ರಲ್ಲಿ ತೀರಿಕೊಂಡರು. ಅಮೆರಿಕದಲ್ಲಿ ಬೆರೆನ್‌ಸ್ಟೇನ್ ದಂಪತಿ 1962ರಿಂದ ಬರೆದ ಕರಡಿ ಕುಟುಂಬದ ಮಕ್ಕಳ ಪುಸ್ತಕಗಳಿವೆ. ಅವನ್ನು ಓದಿ ಬೆಳೆದವರೇ ಅವರ ಹೆಸರಿನ ಕಾಗುಣಿತವನ್ನು ತಪ್ಪಾಗಿ ನೆನಪಿಟ್ಟಿದ್ದಾರೆ. ಯಾಕಂದ್ರೆ ಐನ್‌ಸ್ಟೈನ್ ತರಹದ ಹೆಸರುಗಳು ಅವರ ತಲೆಯಲ್ಲಿ ಮೊದಲೇ ಕೂತಿವೆ. ಕೆಲವರು ಇದಕ್ಕೆ ಬೇರೊಂದು ಜಗತ್ತೇ ಇದೆ ಅನ್ನೋ ತನಕ ಹೋಗ್ತಾರೆ! ನಮ್ಮ ನೆನಪು ತಪ್ಪು ಅನ್ನೋಕಿಂತ ಜಗತ್ತೇ ಬದಲಾಯ್ತು ಅನ್ನೋದು ಸುಲಭ ನೋಡ್ರಿ.

ಕಾರಣ ಸಾದಾ ಐತಿ. ನೆನಪು ಫೋಟೋ ಅಲ್ಲ. ಕೇಂಬ್ರಿಜ್‌ನ ಮನಃಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರ ತಮ್ಮ ಪುಸ್ತಕದಲ್ಲೇ ಇದನ್ನು ತೋರಿಸಿದ್ದರು. ಜನರಿಗೆ ಪರಿಚಯವಿಲ್ಲದ ಒಂದು ಕಥೆ ಕೊಟ್ಟು ಆಮೇಲೆ ಹೇಳಿಸಿದರೆ, ಗೊತ್ತಿಲ್ಲದ ಸಂಗತಿ ಗೊತ್ತಿರೋದಕ್ಕೆ ತಿರುಗಿ ಬರುತ್ತಿತ್ತು. ನಾವು ಪದ ಓದುವಾಗಲೂ ಅಕ್ಷರ ಅಕ್ಷರ ಎಣಿಸೋದಿಲ್ಲ. ಬೇಗ ಓದಿ ಮುಂದೆ ಹೋಗ್ತೀವಿ. ಆಮೇಲೆ ಯಾರಾದರೂ ಕೇಳಿದರೆ ಮನಸ್ಸು ಗೊತ್ತಿರೋ ‘ಕವಿ’ ಹಿಡಿದು ಪದ ಕಟ್ಟುತ್ತೆ, ಮೇಲಿಂದ “ನಾನು ಕಣ್ಣಾರೆ ನೋಡೀನಿ” ಅಂತ ಸಾಕ್ಷಿಯನ್ನೂ ಹೇಳುತ್ತೆ.

ಎಲ್ಲರ ಮನಸ್ಸೂ ಒಂದೇ ದಾರಿ ಹಿಡಿಯುವುದರಿಂದ ತಪ್ಪೂ ಒಂದೇ ಆಗುತ್ತೆ. ‘ಲಕ್ಷಾಂತರ’ ಸರಿ, ಲಕ್ಷ ಮತ್ತು ಅಂತರ ಸೇರಿದ್ದು. ಅದೇ ದಾರಿಯಲ್ಲಿ ‘ಕೋಟ್ಯಾಂತರ’ ಬರೀತೀವಿ. ಆದರೆ ಕೋಟಿ ಮತ್ತು ಅಂತರ ಸೇರಿದರೆ ‘ಕೋಟ್ಯಂತರ’. ಜಾತಿ ಮತ್ತು ಅತೀತ ಸೇರಿದರೆ ‘ಜಾತ್ಯತೀತ’, ‘ಜಾತ್ಯಾತೀತ’ ಅಲ್ಲ. ‘ಅನನುಕೂಲ’ವನ್ನು ‘ಅನಾನುಕೂಲ’ ಮಾಡೀವಿ. ‘ಕನಿಷ್ಠ’, ‘ಗರಿಷ್ಠ’ದ ಒತ್ತು ತಂದು ‘ವಿಶಿಷ್ಟ’ಕ್ಕೆ ಹಚ್ಚಿ ‘ವಿಶಿಷ್ಠ’ ಮಾಡೀವಿ. ‘ಶ್ರದ್ಧಾಂಜಲಿ’ಯಂತೂ ಊರ ಫ್ಲೆಕ್ಸ್ ಮೇಲೆ ‘ಶೃದ್ಧಾಂಜಲಿ’ ಆಗೇ ನಿಂತಿರುತ್ತೆ. ‘ಸಂದರ್ಭ’ ‘ಸಂಧರ್ಭ’ ಆಗಿದೆ, ‘ಜನಾರ್ದನ’ ‘ಜನಾರ್ಧನ’ ಆಗಿದ್ದಾನೆ. ಫ್ಲೆಕ್ಸ್ ನೋಡಿ ನೆನಪು, ಆ ನೆನಪಿನಿಂದ ಮುಂದಿನ ಫ್ಲೆಕ್ಸ್.

ಈ ತಪ್ಪಿಗೆ ಗಡಿಯೂ ಇಲ್ಲ. ಮರಾಠಿಯವರೂ ‘ಕವಿಯತ್ರಿ’ ಬರೀತಾರೆ, ಹಿಂದಿಯವರೂ ಬರೀತಾರೆ. ಕಾಸರಗೋಡಿನ ಗೆಳೆಯರು ತಮ್ಮ ಮಲಯಾಳಿ ಸ್ನೇಹಿತರನ್ನು ಕೇಳಿ ನೋಡಲಿ, ಅಲ್ಲೂ ಇದೇ ಕಥೆ. ಹಂಗೇ ಸರಿ ರೂಪವೂ ಗಡಿ ದಾಟಿ ಒಂದೇ ಇದೆ. ಜಳಗಾಂವದ ವಿಶ್ವವಿದ್ಯಾಲಯಕ್ಕೆ 2018ರಲ್ಲಿ ಬಹಿಣಾಬಾಯಿ ಹೆಸರಿಟ್ಟಾಗ ಮುಂದೆ ಬರೆದದ್ದು ‘ಕವಯಿತ್ರಿ’ ಅಂತಲೇ. ಆ ಹುಡುಗಿ ತಂದ ಸಾಕ್ಷಿ ಗಟ್ಟಿಯಾಗಿತ್ತು. ಅದು ಮರಾಠಿಯಿಂದ ಬಂತು ಅನ್ನೋ ಒಂದೇ ಕಾರಣಕ್ಕೆ ನಾವು ಅದನ್ನು ನೋಡಲಿಲ್ಲ. ಗಡಿಯಲ್ಲಿರೋ ನಮ್ಮ ಮಕ್ಕಳಿಗೆ ಎರಡು ಭಾಷೆ ಬರುತ್ತೆ. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡೋದು ಅವರಿಗೆ ಸಿಕ್ಕ ಲಾಭ. ಅದನ್ನು ನಾವೇ ಕೆಂಪು ಪೆನ್ನಿನಿಂದ ಹೊಡೆದು ಹಾಕಿದೆವು.

ನಾವು ಬ್ಯಾಂಕಿನಲ್ಲಿ ಕೂರೋ ಮಂದಿಗೆ ಇದು ಇನ್ನೂ ನಾಚಿಕೆ. ಕೌಂಟರಿನಲ್ಲಿ ಒಬ್ಬ ನಮೂದಿಸಿದ್ದನ್ನು ಇನ್ನೊಬ್ಬ ಪರಿಶೀಲಿಸಬೇಕು. ಆ ಇನ್ನೊಬ್ಬ ನೋಡಬೇಕಾದದ್ದು ವೋಚರ್, ತನ್ನ ನೆನಪಲ್ಲ. “ನನ್ನ ಸಹಿ ಮೊದಲಿನಿಂದ ಹಿಂಗೇ ಅದ” ಅಂತ ಆಣೆ ಮಾಡೋ ಗ್ರಾಹಕರಿಗೆ ಅವರದೇ ಹಳೇ ಮಾದರಿ ಸಹಿ ತೋರಿಸಿದಾಗ ಅವರು ಬೆರಗಾಗೋದನ್ನು ನೋಡೀವಿ. ಅವರು ಸುಳ್ಳು ಹೇಳೋದಿಲ್ಲ, ಅವರ ನೆನಪು ಹಂಗಿರುತ್ತೆ, ಅಷ್ಟೇ. ಹತ್ತು ಜನ ಒಟ್ಟಿಗೆ ಹೇಳಿದರೂ ವೋಚರ್ ಬದಲಾಗೋದಿಲ್ಲ. ಹತ್ತೂ ಜನ ಒಂದೇ ಫ್ಲೆಕ್ಸ್ ನೋಡಿದ್ದರೆ ಅದು ಹತ್ತು ಸಾಕ್ಷಿ ಅಲ್ಲ, ಒಂದೇ.

ಹಾಗಂತ ಕಂಡಕಂಡವರ ಕಾಗುಣಿತ ಹಿಡಿದು ನಗಬೇಕು ಅಂತ ನಾವು ಹೇಳ್ತಿಲ್ಲ. ನಮ್ಮ ಕಡೆ ‘ಅದ’, ‘ಐತಿ’ ಅನ್ನೋದು ತಪ್ಪಲ್ಲ, ಅದು ನಮ್ಮ ಮಾತು. ಮರಾಠಿಯ ‘ಸೋಲಾಪುರ’ ನಮಗೆ ‘ಸೊಲ್ಲಾಪುರ’, ಅದೂ ತಪ್ಪಲ್ಲ. ‘ಮಹತ್ವ’, ‘ಮಹತ್ತ್ವ’ ಎರಡೂ ಬಳಕೆಯಲ್ಲಿವೆ. ಹೊಸೂರಿನಲ್ಲಿ ತಮಿಳು ಮಾಧ್ಯಮದಲ್ಲಿ ಓದಿದ ತಮ್ಮ ಒತ್ತಕ್ಷರದಲ್ಲಿ ಎಡವಿದರೆ, ತಮಿಳು ಲಿಪಿಯಲ್ಲಿ ಮಹಾಪ್ರಾಣಕ್ಕೆ ಬೇರೆ ಅಕ್ಷರ ಇಲ್ಲ ಅನ್ನೋದು ನೆನಪಿರಲಿ. ಅವನು ತಪ್ಪಿದರೂ ಕನ್ನಡದಲ್ಲೇ ಬರೀತಿದ್ದಾನೆ. ನಮ್ಮ ಜಗಳ ತಪ್ಪು ಬರೆದವನ ಜೊತೆ ಅಲ್ಲ, ನೋಡದೇ ತಿದ್ದುವವನ ಜೊತೆ. ಅಂದ್ರೆ ನಮ್ಮ ಜೊತೆಗೇ.

ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು ವರ್ಷಗಟ್ಟಲೆ ಬರೆದರು. ಅದು ನಡೆದದ್ದು ಓದುಗರು ತಮ್ಮ ಅನುಮಾನ ಬರೆದು ಕಳಿಸಿದ್ದರಿಂದ. ಅನುಮಾನ ಪಡೋದು ಅವಮಾನ ಅಲ್ಲ. ಈಗ ನಿಘಂಟು ಕಪಾಟಿನಲ್ಲೇ ಇರಬೇಕಂತಿಲ್ಲ, ವಿ. ಕೃಷ್ಣ ಅವರ ‘ಅಲರ್’ ನಿಘಂಟು ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತೆ. ಬ್ಯಾನರ್ ಪ್ರಿಂಟಿಗೆ ಕೊಡೋ ಮುಂಚೆ, ಮನವಿ ಪತ್ರಕ್ಕೆ ಸಹಿ ಹಾಕೋ ಮುಂಚೆ, ಮುಖ್ಯವಾಗಿ ಒಂದು ಮಗುವಿನ ಹಾಳೆ ಮೇಲೆ ಗೀಟು ಹಾಕೋ ಮುಂಚೆ ಅರ್ಧ ನಿಮಿಷ ನೋಡಿದರೆ ಸಾಕು.

ಮುಂದಿನ ಭಾನುವಾರ ಐದೂ ಜನ ಆ ಹುಡುಗಿ ಮನೆಗೆ ಹೋದೆವು. ತಪ್ಪಾಯ್ತು ಅಂತ ಅವರ ಅಪ್ಪ ಅವ್ವನ ಮುಂದೆ ಹೇಳಿ, ಹಾಳೆ ಮೇಲೆ 50ಕ್ಕೆ 50 ಬರೆದು ಕೊಟ್ಟೆವು. ಆಕೆ ಹಾಳೆ ನೋಡಿ ಕೇಳಿದ್ದು ಒಂದೇ ಮಾತು: “ಹಂಗಾರ ಮೊದಲನೇ ಬಹುಮಾನ ಬಂದಾಕಿಗೆ ಏನ್ ಹೇಳ್ತೀರಿ?” ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಆಕೆಯ ಬಹುಮಾನ ಆಕೆಗೇ ಬಿಟ್ಟು, ನಾವು ದುಡ್ಡು ಹಾಕಿ ಇನ್ನೊಂದು ಮೊದಲ ಬಹುಮಾನ ತಂದೆವು. ಈ ಸಲ ಪ್ರಮಾಣಪತ್ರದ ಪ್ರತಿ ಪದವನ್ನೂ ನಿಘಂಟು ನೋಡಿಯೇ ಬರೆದೆವು.

ಈಗ ನಿಮ್ಮ ಚೀಟಿ ತೆಗೀರಿ. ಏನು ಬರೆದಿದ್ದಿರಿ?